ಸೂರ್ಯನಿಗೆ ಧೂಮಕೇತು ಬಡಿದ ಪ್ರಕರಣ

ಕಳೆದ ಮಾರ್ಚ್ ಹನ್ನೆರಡರಂದು ಮಧ್ಯಾಹ್ನ ಒಂದು ಇಪ್ಪತ್ತಕ್ಕೆ ಧೂಮಕೇತುವೊಂದು ಯಾವುದೇ ಪೂರ್ವಾನುಮತಿ ಪಡೆಯದೆ ಸೂರ್ಯನೊಳಗೆ ಬಿದ್ದಿತು. ಅದೇ ಮಧ್ಯಾಹ್ನ ಸೂರ್ಯನಲ್ಲಿ ದೊಡ್ಡದೊಂದು ಸ್ಫೋಟವೂ ಆಯಿತು. ಆ ಹೊತ್ತಿಗೆ ಮೀನು ಹಿಡಿದು ಮರಳುತ್ತಿದ್ದ ಕೇರಳದ ವಿಳಿಂಜಂನ ಲಾರೆನ್ಸ್‌ನ ಜಿಪಿಎಸ್ ದಾರಿ ತಪ್ಪಿ, ಅವನ ದೋಣಿ ನಿಷೇಧಿತ ನೀರಿಗೆ ನುಗ್ಗಿತು. ದೋಣಿಯನ್ನು ಜಪ್ತಿ ಮಾಡಲಾಯಿತು.

"ತಪ್ಪು ನಿನ್ನದಲ್ಲ, ಸೂರ್ಯನದು ಅಂತ ಬರೆಸಿಕೊಂಡು ಬಾ, ಬಿಡ್ತೇವೆ," ಎಂದರು ಜಪ್ತಿ ಮಾಡಿದವರು.

ಹಾಗೆ ಬರೆದುಕೊಡುವ ಅಧಿಕಾರ ತಿರುವನಂತಪುರದ ಪಟ್ಟಂನಲ್ಲಿದ್ದ ಸೌರ ಘಟನಾವಳಿ ಸಮನ್ವಯ ಕಚೇರಿಗಿತ್ತು. ಅಲ್ಲಿ ಭೌತಶಾಸ್ತ್ರ ಓದಿದವಳು ಕಾಸರಗೋಡಿನ ಚಂಪಾ ಒಬ್ಬಳೇ. ಬೆಂಚಿನ ತುದಿಯಲ್ಲಿ ಕೂತಿದ್ದ ಲಾರೆನ್ಸ್‌ನ ಮುಖ ನೋಡಿ ಅವಳಿಗೆ ಪಾಪ ಅನಿಸಿತು. ಊಟಕ್ಕೆ ಏಳುವ ಮೊದಲೇ ವರದಿ ಬರೆದು ಮುಗಿಸಿದಳು. ಸ್ಫೋಟ ಆದದ್ದು ನಿಜ, ಜಿಪಿಎಸ್ ಕೆಟ್ಟದ್ದು ಅದರಿಂದಲೇ. ಒಂಬತ್ತನೇ ಕಲಂನಲ್ಲಿ 'ಸ್ಫೋಟಕ್ಕೆ ಕಾರಣರಾದವರು' ಎಂದಿತ್ತು. 'ಯಾರೂ ಇಲ್ಲ' ಎಂದು ಬರೆದಳು.

ನಿರ್ದೇಶಕ ಕಿಶೋರ್ ಕಡತ ವಾಪಸ್ ಕಳಿಸಿದರು. "ಯಾರೂ ಇಲ್ಲ ಅಂದರೆ ಹೇಗಮ್ಮ? ಧೂಮಕೇತು ಇದೆಯಲ್ಲ!"

"ಸರ್, ಅದು ಬರೀ ಒಂದು ಬಸ್ಸಿನಷ್ಟು ದೊಡ್ಡದು. ಸೂರ್ಯನ ಹತ್ತಿರ ಹೋಗುವಾಗಲೇ ಆವಿಯಾಗಿ ಹೋಗ್ತದೆ. ಅಲ್ಲದೆ ಸ್ಫೋಟ ಆದದ್ದು ಹನ್ನೆರಡು ನಲವತ್ತಕ್ಕೆ. ಧೂಮಕೇತು ಬಂದದ್ದು ನಲವತ್ತು ನಿಮಿಷ ತಡವಾಗಿ."

ಕಿಶೋರ್ ಕನ್ನಡಕ ತೆಗೆದು ಒರೆಸಿದರು. "ಬರುವ ಸುದ್ದಿಗೇ ಸಿಡಿದಿರಬಹುದು. ಮಂತ್ರಿಗಳು ಬರುವ ಮೊದಲೇ ನಾವು ರಸ್ತೆ ಅಗೆಯುವುದಿಲ್ಲವೇ?"

ಚಂಪಾ ಒಂಬತ್ತನೇ ಕಲಂ ತಿದ್ದದೆಯೇ ಕಡತ ಹಿಂತಿರುಗಿಸಿದಳು. ಕಡತ ಕೊಚ್ಚಿಗೆ ಹೋಯಿತು. ನಿಯಮಾವಳಿಯ ಪ್ರಕಾರ ಸೂರ್ಯ ಬೆಟ್ಟದ ಕಡೆ ಹುಟ್ಟುವುದರಿಂದ ಬೆಳಗಿನ ಅವಧಿ ತಿರುವನಂತಪುರದ ವ್ಯಾಪ್ತಿಗೆ, ಕಡಲಲ್ಲಿ ಮುಳುಗುವುದರಿಂದ ಮಧ್ಯಾಹ್ನದ ಮೇಲಿನದು ಕೊಚ್ಚಿ ಶಾಖೆಯ ವ್ಯಾಪ್ತಿಗೆ ಸೇರುತ್ತಿತ್ತು.

ಕೊಚ್ಚಿಯ ವಿಚಾರಣೆಗೆ ಚಂಪಾ ಬೆಳಗಿನ ರೈಲು ಹಿಡಿದಳು. ಲಾರೆನ್ಸ್ ಕೂಡ ಅದೇ ರೈಲಿನ ಜನರಲ್ ಬೋಗಿಯಲ್ಲಿ ಬಂದ. ಅಲ್ಲಿನ ಉಪನಿರ್ದೇಶಕಿ ಸುಮಯ್ಯಾ ಪ್ರತಿಯೊಂದು ಹಾಳೆಯನ್ನೂ ಓದುವ ಹೆಂಗಸು. ಅವರನ್ನು ಕಂಡು ಚಂಪಾಳಿಗೆ ಧೈರ್ಯ ಬಂತು.

"ಮೇಡಂ, ಸೂರ್ಯ ಈಗ ದಿನಕ್ಕೆ ನಾಲ್ಕೈದು ಸಲ ಸಿಡಿಯುತ್ತಾನೆ. ಎರಡು ಮೂರು ದಿನಕ್ಕೊಂದು ಧೂಮಕೇತು ಅಲ್ಲಿಗೆ ಹೋಗಿ ಸಾಯ್ತದೆ. ಯಾವುದು ಬಿದ್ದರೂ ಹತ್ತಿರದಲ್ಲೇ ಒಂದು ಸ್ಫೋಟ ಸಿಕ್ಕೇ ಸಿಗ್ತದೆ. ಇದು ಬರೀ ಕಾಕತಾಳೀಯ."

"ಬರಹದಲ್ಲಿ ಕೊಡುತ್ತೀರಾ?"

ಕೊಟ್ಟಳು. ವಿಚಾರಣಾ ಸಮಿತಿ ಅದನ್ನು ಗಂಭೀರವಾಗಿ ಪರಿಗಣಿಸಿತು. ಕಾಕ ಎಂದರೆ ಕಾಗೆ, ತಾಳ ಎಂದರೆ ತಾಳೆಯ ಮರ. ಎರಡೂ ಅರಣ್ಯ ಇಲಾಖೆಗೆ ಸಂಬಂಧಿಸಿದವು. ಪತ್ರ ಹೋಯಿತು.

ಲಾರೆನ್ಸ್‌ನ ದೋಣಿ ಮರಳಿನ ಮೇಲೆ ಒಣಗಿ ಬಿರುಕು ಬಿಡುತ್ತಿತ್ತು. ಅವನು ವಾರಕ್ಕೆರಡು ಸಲ ಪಟ್ಟಂಗೆ ಬಂದು, "ಕಾಗೆಯ ಉತ್ತರ ಬಂತಾ ಮೇಡಂ?" ಎಂದು ಕೇಳುತ್ತಿದ್ದ. 'ಯಾರೂ ಇಲ್ಲ' ಎಂಬಲ್ಲಿ ಸುಮ್ಮನೆ 'ಧೂಮಕೇತು' ಎಂದು ಬರೆದಿದ್ದರೆ ಇವನು ಎಂದೋ ಕಡಲಿಗಿಳಿಯುತ್ತಿದ್ದನಲ್ಲ ಎಂದುಕೊಳ್ಳುತ್ತ ಚಂಪಾ ಅಂದಿನ ಟಪಾಲನ್ನು ಮತ್ತೊಮ್ಮೆ ತಡಕುತ್ತಿದ್ದಳು.

ನಲವತ್ತೊಂದನೇ ದಿನ ಉತ್ತರ ಬಂತು: 'ಸದರಿ ದಿನಾಂಕದಂದು ಸದರಿ ವೇಳೆಯಲ್ಲಿ ಸೂರ್ಯನ ಆಸುಪಾಸಿನಲ್ಲಿ ಯಾವುದೇ ಕಾಗೆ ಕಂಡುಬಂದಿರುವುದಿಲ್ಲ. ತಾಳೆಯ ಮರಗಳೂ ಇರುವುದಿಲ್ಲ.'

ಕಾಕತಾಳೀಯ ಸಾಬೀತಾಗಲಿಲ್ಲ. ಹೊಣೆ ಧೂಮಕೇತುವಿನ ಮೇಲೆ ಬಿತ್ತು. ಅದು ಮೃತಪಟ್ಟಿದ್ದರಿಂದ ಮುಂದಿನ ಕ್ರಮ ಕೈಬಿಡಲಾಯಿತು.

ಹಾಗೆಂದು ತಿದ್ದಿದ ವರದಿ ಚಂಪಾಳ ಸಹಿಗೆ ಬಂತು. ಬೆಂಚಿನ ಮೇಲೆ ಲಾರೆನ್ಸ್ ಅವಳ ಕೈಯನ್ನೇ ನೋಡುತ್ತಿದ್ದ. ಸಹಿ ಹಾಕಿದಳು.

ದೋಣಿ ಬಿಡುಗಡೆಯಾಯಿತು, ಒಂದೇ ಒಂದು ಷರತ್ತಿನ ಮೇಲೆ. ಇನ್ನು ಮುಂದೆ ಧೂಮಕೇತು ಸೂರ್ಯನತ್ತ ಹೋಗುವ ದಿನ ವಿಳಿಂಜಂನ ಯಾರೂ ಕಡಲಿಗಿಳಿಯುವಂತಿಲ್ಲ. ಉಳಿದ ದಿನಗಳಿಗೆ 'ಧೂಮಕೇತು ರಹಿತ ದಿನ' ಎಂಬ ಪ್ರಮಾಣಪತ್ರ ಪಡೆಯತಕ್ಕದ್ದು. ಅದನ್ನು ನೀಡಲು ಚಂಪಾಳಿಗೆ ಬಡ್ತಿ, ಪ್ರತ್ಯೇಕ ಕೋಣೆ, ಒಂದು ಮೊಹರು ಸಿಕ್ಕಿದವು.

ಮೊದಲ ವಾರ ಮೀನುಗಾರರು ಘೋಷಣೆ ಕೂಗಿದರು. ಎರಡನೇ ವಾರ ಸರದಿ ಸಾಲು ನೆಟ್ಟಗಾಗಬೇಕೆಂದು ಕೂಗಿದರು. ಮೂರನೇ ವಾರದ ಹೊತ್ತಿಗೆ ಕಚೇರಿಯ ಎದುರು ಒಂದು ಚಹಾದ ಗಾಡಿ ಬಂತು.

ಮಳೆ ಬಿಟ್ಟ ಒಂದು ಬೆಳಿಗ್ಗೆ ಚಂಪಾ ಉಪಗ್ರಹದ ಚಿತ್ರ ನೋಡಿ, ಲಾರೆನ್ಸ್‌ನ ಅರ್ಜಿಗೆ ಮೊಹರು ಒತ್ತಿ ಕೊಟ್ಟಳು. "ಇವತ್ತು ಏನೂ ಇಲ್ಲ. ಹೋಗಿ."

ಲಾರೆನ್ಸ್ ಕಾಗದ ತೆಗೆದುಕೊಳ್ಳಲಿಲ್ಲ. ಕಿಟಕಿಯಾಚೆ ಸೂರ್ಯನನ್ನು ಅನುಮಾನದಿಂದ ನೋಡಿದ.

"ಸಣ್ಣದೊಂದು ಕೂಡ ಇಲ್ವಾ ಮೇಡಂ? ಇನ್ನೊಮ್ಮೆ ಸರಿಯಾಗಿ ನೋಡಿ."

ಚಂಪಾ ಕುರ್ಚಿ ಹತ್ತಿರಕ್ಕೆಳೆದುಕೊಂಡು ಇನ್ನೊಮ್ಮೆ ನೋಡಿದಳು.