ಕೋಳಿಗೂಡಿನ ಪೋರ್ಟು

ರೋಸಮೆಲ್ ಚಿಗ್ವಾಯ್‌ನ ಕೋಳಿಗಳು ಕಡಿಮೆಯಾಗುತ್ತಿದ್ದವು. ಒಂದೇ ಏಟಿಗೆ ಎಲ್ಲ ಹೋಗಿದ್ದರೆ ನರಿಯ ಕೆಲಸವೆಂದು ಸುಮ್ಮನಾಗಬಹುದಿತ್ತು. ಇವು ಶಿಸ್ತಾಗಿ ಹೋಗುತ್ತಿದ್ದವು. ಆಲೂಗಡ್ಡೆ ಅಗೆಯಲು ಊರವರು ಬಂದುಹೋದ ಮರುದಿನ ಎರಡು ಕಾಣಲಿಲ್ಲ. ದೋಣಿಯನ್ನು ದಡಕ್ಕೆ ಎಳೆದುಕೊಟ್ಟು ಹೋದ ಮರುದಿನ ಇನ್ನೆರಡು. ಕೊಟ್ಟಿಗೆಗೆ ಮಾಡು ಹೊದಿಸಿದ ಮೇಲಂತೂ ಹುಂಜವೇ ನಾಪತ್ತೆ. ಯಾವ ನರಿಗೆ ಇಷ್ಟು ಮುಹೂರ್ತ ನೋಡುವ ಅಭ್ಯಾಸವಿರುತ್ತದೆ? ಕಳ್ಳ ಊರಿನವನೇ, ಸಹಾಯಕ್ಕೆಂದು ಬಂದು ಕೈಚಳಕ ತೋರಿಸುತ್ತಿದ್ದಾನೆ ಎಂದು ರೋಸಮೆಲ್ ತೀರ್ಮಾನಿಸಿದ.

ಚಿಲಿ ದೇಶದ ಚಿಲೊಯೆಯ ಆ ಪುಟ್ಟ ದ್ವೀಪದಲ್ಲಿ ಊರು ಎಂದರೆ ಬೆರಳೆಣಿಕೆಯ ಮನೆಗಳು, ಆದ್ದರಿಂದ ಅನುಮಾನಪಡಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಪಕ್ಕದ ಮನೆಯ ದೋನ್ಯಾ ಎತೆಲ್ವೀನಾಳ ಅಡುಗೆಮನೆಯಿಂದ ಯಾವಾಗಲೂ ಮಾಂಸದ ಸಾರಿನ ಘಮ ಬರುತ್ತಿತ್ತು. ಜೋಡೆತ್ತು ಸಾಕಿದ್ದ ಉಬಾಲ್ದೊ ಕಾರಣವಿಲ್ಲದೆ ನಗುತ್ತಿದ್ದ. ಮಗಳ ಜ್ಞಾನತಂದೆಯಾಗಿ ಕೊಂಪಾದ್ರೆ ಎನಿಸಿಕೊಂಡಿದ್ದ ದೊನ್ ಕ್ಲೊದೊಮೀರೊನನ್ನು ಕೂಡ ರೋಸಮೆಲ್ ಪೂರ್ತಿ ನಂಬಲಿಲ್ಲ. ನೀಲಿ ಮೊಟ್ಟೆ ಇಡುವ ಆ ಕೋಳಿಗಳೆಂದರೆ ಅವನಿಗೆ ಪ್ರಾಣ. ಮೊಟ್ಟೆ ಕೊಡುವ ಕೋಳಿಯ ಕತ್ತಿಗೆ ಕೈಹಾಕುವವನು ಮನುಷ್ಯನೇ ಅಲ್ಲ ಎಂಬುದು ಅವನ ಸಿದ್ಧಾಂತ. ಈಗ ಉಳಿದಿದ್ದದ್ದು ಮೂರೇ ಮೂರು.

ಗುಟ್ಟಾಗಿ ಒಂದು ಕ್ಯಾಮೆರಾ ತಂದು ಗೂಡಿನ ಮೂಲೆಯಲ್ಲಿ ಅಡಗಿಸಿದ. ಹೆಂಡತಿ ಲುದ್ಗಾರ್ದಾಳಿಗೂ ಹೇಳಲಿಲ್ಲ. ಅವಳಿಗೆ ತಿಳಿದದ್ದು ಹಾಲು ಉಕ್ಕುವುದರೊಳಗೆ ಎತೆಲ್ವೀನಾಳಿಗೂ ತಿಳಿಯುತ್ತಿತ್ತು. ಮಾಡಿನ ಮೇಲೆ ಸ್ಯಾಟಲೈಟ್ ಇಂಟರ್ನೆಟ್ಟಿನ ಡಿಶ್ ಇತ್ತು, ಮನೆಯೊಳಗೆ ಕೂತರೆ ಫೋನಿನಲ್ಲಿ ಕೋಳಿಗಳು ಚೆನ್ನಾಗಿ ಕಾಣುತ್ತಿದ್ದವು. ಆದರೆ ಮರುದಿನ ಬೆಳಿಗ್ಗೆ ಅವನು ಚಿಪ್ಪುಮೀನು ಸಾಕುವ ತೆಪ್ಪಗಳ ಕೆಲಸಕ್ಕೆ ಹೊರಡಬೇಕು, ಶನಿವಾರದವರೆಗೆ ಅಲ್ಲೇ. ಹೊರಗಿನಿಂದ ಕಾಣಬೇಕಾದರೆ ‘ಪೋರ್ಟ್ ಫಾರ್ವರ್ಡಿಂಗ್’ ಮಾಡಿ ಎಂದು ಕ್ಯಾಮೆರಾದ ಕೈಪಿಡಿ ಹೇಳುತ್ತಿತ್ತು. ಅಂದರೆ, ಹೊರಗಿನಿಂದ ಇಂಥ ನಂಬರಿನ ಬಾಗಿಲು ತಟ್ಟಿದವರನ್ನು ನೇರವಾಗಿ ಕೋಳಿಗೂಡಿಗೆ ಕಳಿಸು ಎಂದು ರೌಟರಿಗೆ ಹೇಳಿಕೊಡುವುದು.

ರೋಸಮೆಲ್ ಹೇಳಿಕೊಟ್ಟ. ರೌಟರು ಒಪ್ಪಿಕೊಂಡಂತೆಯೂ ಕಂಡಿತು. ಆದರೆ ಪರೀಕ್ಷೆ ಮಾಡಲು ಮನೆಯ ಇಂಟರ್ನೆಟ್ ಬಿಟ್ಟು ಬೇರೆ ಸಿಗ್ನಲ್ ಬೇಕು. ಅದು ಸಿಗುತ್ತಿದ್ದದ್ದು ಗುಡ್ಡದ ಮೇಲಿನ ಚರ್ಚಿನ ಅಂಗಳದಲ್ಲಿ ಮಾತ್ರ. ಏದುಸಿರು ಬಿಡುತ್ತ ಹತ್ತಿ ನೋಡಿದರೆ ಫೋನಿನಲ್ಲಿ ಬರೀ ಕತ್ತಲೆ. ಇಳಿದು ಬಂದು ನಂಬರು ಬದಲಾಯಿಸಿ ಮತ್ತೆ ಹತ್ತಿದ. ಮತ್ತೆ ಕತ್ತಲೆ. ಮೂರನೆಯ ಸಲ ಇಳಿಯುವಾಗ ಬೇಲಿಯ ಮೇಲೆ ಮೊಣಕೈಯೂರಿ ಕ್ಲೊದೊಮೀರೊ ಕಾಯುತ್ತಿದ್ದ.

“ಏನು ಕೊಂಪಾದ್ರೆ, ಬೆಳಿಗ್ಗೆಯಿಂದ ಚರ್ಚ್ ಗುಡ್ಡ ಹತ್ತೋದೂ ಇಳಿಯೋದೂ. ಅಂಥಾ ಪಾಪ ಏನ್ ಮಾಡಿದೀಯ?”

“ಪಾಪ ಗೀಪ ಏನಿಲ್ಲ. ಪೋರ್ಟ್ ಫಾರ್ವರ್ಡಿಂಗ್.”

“ಅದನ್ನ ಒಬ್ಬನೇ ಮಾಡ್ತಿದೀಯಾ?” ಕ್ಲೊದೊಮೀರೊನ ಮುಖದಲ್ಲಿ ನಿಜವಾದ ನೋವಿತ್ತು. “ಮತ್ತೆ ನಾವೆಲ್ಲ ಇರೋದ್ಯಾಕೆ? ಹಡಗಲ್ಲಿ ರೇಡಿಯೋ ಆಪರೇಟರ್ ಆಗಿ ಕೂದಲು ಬೆಳ್ಳಗೆ ಮಾಡ್ಕೊಂಡೋನು ನಾನು. ಅದಿರ್ಲಿ, ಯಾತಕ್ಕದು?”

“ಹವಾಮಾನಕ್ಕೆ. ತೆಪ್ಪದ ಮೇಲಿದ್ದಾಗ ಮನೆ ಮೇಲಿನ ಮೋಡ ನೋಡೋಕೆ.”

“ತೆಪ್ಪದ ಮೇಲಿಂದ ನಿನ್ ಮನೆ ಮೋಡ ಹಾಗೇ ಕಾಣತ್ತಲ್ಲ.”

“ಹತ್ತಿರದಿಂದ ನೋಡ್ಬೇಕು,” ಎಂದು ರೋಸಮೆಲ್ ಬಿರಬಿರನೆ ಮನೆಯ ಕಡೆ ನಡೆದ.

ಆ ದ್ವೀಪದಲ್ಲಿ ಸಹಾಯ ಕೇಳುವುದು ಸುಲಭ, ಬೇಡ ಎನ್ನುವುದು ಮಾತ್ರ ಯಾರಿಗೂ ಗೊತ್ತಿಲ್ಲ. ಒಬ್ಬನ ಮನೆಯಲ್ಲಿ ಕೆಲಸವೆಂದರೆ ಊರಿಗೆ ಊರೇ ಮುಯ್ಯಾಳಾಗಿ ಬರಬೇಕು, ಮನೆಯವರು ಹೊಟ್ಟೆ ಬಿರಿಯ ಊಟ ಹಾಕಬೇಕು. ಅದಕ್ಕೆ ಅವರು ಮಿಂಗಾ ಎನ್ನುತ್ತಾರೆ. ರೋಸಮೆಲ್ ರೌಟರಿನ ಮುಂದೆ ಕೂತು ಇನ್ನೊಂದು ನಂಬರು ಒತ್ತುವುದರೊಳಗೆ ಅಂಗಳ ತುಂಬಿತ್ತು. ಒಬ್ಬ ಏಣಿ ತಂದಿದ್ದ, ಇನ್ನೊಬ್ಬ ಹಗ್ಗ, ಮತ್ತೊಬ್ಬ ಕೊಡಲಿ. ಉಬಾಲ್ದೊ ನಗುತ್ತ ಜೋಡೆತ್ತನ್ನೇ ಹೊಡೆದುಕೊಂಡು ಬಂದಿದ್ದ.

“ಎತ್ತು ಯಾತಕ್ಕೋ?” ಎಂದ ರೋಸಮೆಲ್.

“ಡಿಶ್ಶಿಗೆ ಆಕಾಶ ಸರಿಯಾಗಿ ಕಾಣ್ತಿಲ್ವಂತೆ, ದೊನ್ ಕ್ಲೊದೊಮೀರೊ ಹೇಳಿದ್ರು. ಮರದ ಮನೆ ತಾನೇ, ಹಗ್ಗ ಕಟ್ಟಿ ಆ ದಿಣ್ಣೆ ಕಡೆ ಎಳೆದಿಟ್ರೆ ಆಯ್ತು. ಹೋದ ವರ್ಷ ನನ್ನ ಭಾವನ ಮನೇನ ಹಾಗೇ ತೇಲಿಸಿ ಸಮುದ್ರ ದಾಟಿಸಲಿಲ್ವಾ? ಇದು ಬರೀ ದಿಣ್ಣೆ.”

ಮನೆ ಇದ್ದಲ್ಲೇ ಇರಲಿ ಎಂದು ಒಪ್ಪಿಸುವಷ್ಟರಲ್ಲಿ ರೋಸಮೆಲ್‌ನ ಗಂಟಲು ಒಣಗಿತು. ಮನೆ ಉಳಿಯಿತು, ಆದರೆ ಬಂದವರಿಗೆ ಏನಾದರೂ ಕೆಲಸ ಬೇಕಿತ್ತು. ಹಿತ್ತಿಲ ಸೇಬಿನ ಮರ ಆಕಾಶಕ್ಕೆ ಅಡ್ಡ ಬರುತ್ತಿದೆ ಎಂದು ಕ್ಲೊದೊಮೀರೊ ಒಂದು ಕಣ್ಣು ಮುಚ್ಚಿ ಅಳೆದು ಹೇಳಿದ. ರೋಸಮೆಲ್ ಬಾಯಿ ತೆರೆಯುವ ಮೊದಲೇ ಮರ ನೆಲಕ್ಕುರುಳಿತು. ವರ್ಷವರ್ಷವೂ ಅವನ ಪೀಪಾಯಿಯನ್ನು ಸೇಬಿನ ಹೆಂಡದಿಂದ ತುಂಬಿಸುತ್ತಿದ್ದ ಮರ ಅದು.

“ಎಷ್ಟು ಜನಕ್ಕಪ್ಪಾ ಊಟ?” ಲುದ್ಗಾರ್ದಾ ಅಡುಗೆಮನೆಯ ಕಿಟಕಿಯಿಂದ ಕೇಳಿದಳು.

“ಎಲ್ಲರಿಗೂ. ಚೆನ್ನಾಗಿ ಹಾಕು. ನಮ್ಮ ಮರ್ಯಾದೆ ಪ್ರಶ್ನೆ.”

“ಏನ್ ಹಾಕ್ಲಿ?”

ರೋಸಮೆಲ್ ಅಷ್ಟರಲ್ಲಿ ಏಣಿ ಹತ್ತಿಯಾಗಿತ್ತು. ಅವನ ಮನಸ್ಸೆಲ್ಲ ಕೆಳಗಿದ್ದವರ ಮೇಲೆ. ಇವರಲ್ಲೇ ಒಬ್ಬ ಕಳ್ಳ, ಕಳ್ಳನೇ ತನ್ನನ್ನು ಹಿಡಿಯುವ ಬಲೆ ಹೆಣೆದುಕೊಡುತ್ತಿದ್ದಾನೆ ಎಂದು ನೆನೆದು ಅವನಿಗೆ ಒಳಗೊಳಗೇ ನಗು ಬರುತ್ತಿತ್ತು. ಎಲ್ಲರಿಗಿಂತ ಹೆಚ್ಚು ಹುಮ್ಮಸ್ಸು ತೋರಿಸುತ್ತಿದ್ದವಳು ಎತೆಲ್ವೀನಾ. ಅದನ್ನೂ ಅವನು ಗಮನಿಸಿದ.

ಡಿಶ್ ಎಡಕ್ಕೆ ತಿರುಗಿತು, ಬಲಕ್ಕೆ ತಿರುಗಿತು, ಕಡೆಗೆ ಮೊದಲಿದ್ದಲ್ಲಿಗೇ ಬಂತು. ಪೋರ್ಟು ಮಾತ್ರ ತೆರೆಯಲಿಲ್ಲ.

“ಕಂಪನಿಯವರಿಗೆ ಒಂದು ಫೋನ್ ಮಾಡ್ಬಾರ್ದಾ?” ಎಂದಳು ಎತೆಲ್ವೀನಾ.

ಗಂಡಸರಿಗೆ ಇದು ಸೋಲೊಪ್ಪಿಕೊಂಡಂತೆ ಅನ್ನಿಸಿತು. ಆದರೂ ಮನೆಯ ಇಂಟರ್ನೆಟ್ಟಿನಲ್ಲೇ ಮಾಡಿದರು. ಸ್ಪೀಕರಿನಲ್ಲಿ ರಾಜಧಾನಿ ಸಾಂತಿಯಾಗೊದ ಒಬ್ಬ ಹುಡುಗಿಯ ದನಿ ಬಂತು. ಎಲ್ಲವನ್ನೂ ಕೇಳಿಸಿಕೊಂಡು ಅವಳೆಂದಳು:

“ಸರ್, ನಿಮ್ಮ ಬಾಗಿಲು ನೀವು ತೆಗೆದಿದೀರ, ಸರಿಯಾಗೇ ತೆಗೆದಿದೀರ. ಆದ್ರೆ ನಮ್ಮ ಗಿರಾಕಿಗಳೆಲ್ಲ ವಠಾರದಲ್ಲಿದ್ದ ಹಾಗೆ. ಬೀದಿ ಬಾಗಿಲು ಎಲ್ಲರಿಗೂ ಸೇರಿ ಒಂದೇ, ಅದರ ಬೀಗ ನಮ್ಮ ಹತ್ರ. ಹೊರಗಿನೋರು ನಿಮ್ಮ ಬಾಗಿಲ ತನಕ ಬರೋದೇ ಇಲ್ಲ. ನಿಮಗೇ ಅಂತ ಬೇರೆ ವಿಳಾಸ ಬೇಕು ಅಂದ್ರೆ ಕೊಡ್ತೀವಿ. ಕೇಳಿದ್ರೆ ಸಾಕು.”

“ಡಿಶ್ಶಿಗೆ ಆಕಾಶ ಕಾಣ್ತಿರಲಿಲ್ಲ ಅಲ್ವಾ?” ಎಂದು ಕ್ಲೊದೊಮೀರೊ ಆಸೆಯಿಂದ ಕೇಳಿದ.

“ಡಿಶ್ಶಿಗೂ ಇದಕ್ಕೂ ಸಂಬಂಧಾನೇ ಇಲ್ಲ ಸರ್.”

ಎಲ್ಲರೂ ಬಿದ್ದಿದ್ದ ಸೇಬಿನ ಮರದ ಕಡೆ ಒಮ್ಮೆ ನೋಡಿ ಬೇರೆ ಕಡೆ ನೋಡಿದರು.

ಹುಡುಗಿ ಹೊಸ ವಿಳಾಸ ಕೊಟ್ಟಳು. ರೌಟರನ್ನು ಆರಿಸಿ ಹಚ್ಚಿದ್ದಾಯಿತು. ಇನ್ನು ಗುಡ್ಡ ಹತ್ತಿ ನೋಡಬೇಕು. ತಾನೊಬ್ಬನೇ ಹೋಗಿ ಬರುತ್ತೇನೆಂದು ರೋಸಮೆಲ್ ಎಷ್ಟು ಹೇಳಿದರೂ ಯಾರೂ ಕೇಳಲಿಲ್ಲ. ಇಷ್ಟು ದುಡಿದವರಿಗೆ ಮೋಡ ನೋಡುವ ಹಕ್ಕಿಲ್ಲವೇ? ಜಾತ್ರೆ ಹೊರಟಂತೆ ಎಲ್ಲರೂ ಹೊರಟರು. ವಿಳಾಸವನ್ನು ಕ್ಲೊದೊಮೀರೊ ಆಗಲೇ ತನ್ನ ಅಗಲವಾದ ಟ್ಯಾಬ್ಲೆಟ್ಟಿನಲ್ಲಿ ಬರೆದುಕೊಂಡಿದ್ದ. ಲುದ್ಗಾರ್ದಾ ಮಾತ್ರ ಒಲೆಯ ಮುಂದೆ ಉಳಿದಳು.

ಚರ್ಚಿನ ಅಂಗಳದಲ್ಲಿ ಎಲ್ಲ ತಲೆಗಳೂ ಟ್ಯಾಬ್ಲೆಟ್ಟಿನ ಮೇಲೆ ಬಾಗಿದವು. ಪರದೆ ಮಿನುಗಿತು. ಪೋರ್ಟು ತೆರೆಯಿತು.

“ಇದೇನು ಕೊಂಪಾದ್ರೆ,” ಎಂದ ಕ್ಲೊದೊಮೀರೊ, “ನಿನ್ ಮೋಡಕ್ಕೆ ಪುಕ್ಕ ಇದೆ?”

ರೋಸಮೆಲ್ ತಡಬಡಾಯಿಸುವಷ್ಟರಲ್ಲಿ ಗೂಡಿನ ಬಾಗಿಲು ಸರಿಯಿತು. ತಲೆಯ ಮೇಲೆ ಶಾಲು ಹೊದ್ದ ಒಂದು ಆಕೃತಿ ಬಗ್ಗಿ ಒಳಗೆ ಬಂತು. ಕಪ್ಪು ಶಾಲು, ಕೆಂಪು ಅಂಚು. ಆ ಅಂಚು ದ್ವೀಪದಲ್ಲಿ ಯಾರದೆಂದು ಎಲ್ಲರಿಗೂ ಗೊತ್ತು. ರೋಸಮೆಲ್‌ನ ಎದೆ ಉಬ್ಬಿತು. ಇಷ್ಟು ದಿನದ ಸಂಕಟ ಒಮ್ಮೆಗೇ ಹೊರಬಿತ್ತು.

“ಸಿಕ್ಕಿಬಿದ್ಲು ನೋಡಿ ಎತೆಲ್ವೀನಾ! ಕೋಳಿ ಕಳ್ಳಿ! ನಾನು ಅವತ್ತೇ ಅಂದ್ಕೊಂಡಿದ್ದೆ.”

“ಏನಂದ್ಕೊಂಡಿದ್ದೆ?” ಅವನ ಹೆಗಲ ಹಿಂದಿನಿಂದಲೇ ಎತೆಲ್ವೀನಾ ಕೇಳಿದಳು. “ಶಾಲು ನಂದೇ. ಒಲೆ ಶಾಖದಲ್ಲಿದ್ದೋಳು ಅಂಗಳಕ್ಕೆ ಹೋದ್ರೆ ಶೀತ ಆಗತ್ತೆ ಅಂತ ನಿನ್ ಹೆಂಡ್ತಿಗೆ ಕೊಟ್ಟುಬಂದೆ.”

ಪರದೆಯ ಮೇಲಿನ ಆಕೃತಿ ತಿರುಗಿತು. ಲುದ್ಗಾರ್ದಾ. ಅಭ್ಯಾಸದ ಕೈಯಲ್ಲಿ ಮೂರೂ ಕೋಳಿಗಳನ್ನು ಕಾಲು ಹಿಡಿದು ತಲೆಕೆಳಗಾಗಿ ಎತ್ತಿಕೊಂಡು ಹೊರಟುಹೋದಳು.

ಉಬಾಲ್ದೊ ನಕ್ಕ, ಈ ಸಲ ಕಾರಣವಿತ್ತು.

“ಅಂದ್ರೆ ನಮ್ಮನ್ನೆಲ್ಲ ಕಳ್ಳರು ಅಂದ್ಕೊಂಡು, ನಮ್ಮ ಕೈಲೇ ಕ್ಯಾಮೆರಾ ಸರಿ ಮಾಡಿಸ್ದೆ,” ಎಂದ ಕ್ಲೊದೊಮೀರೊ.

ರೋಸಮೆಲ್‌ಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. “ಮೋಡ ಕವೀತಾ ಇದೆ,” ಎಂದಷ್ಟೇ ಹೇಳಿ ಗುಡ್ಡದಿಂದ ಓಡಿ ಇಳಿದ.

ಅವನು ಬರುವಷ್ಟರಲ್ಲಿ ಪುಕ್ಕಗಳು ಬುಟ್ಟಿಯಲ್ಲಿದ್ದವು, ಕೋಳಿಗಳು ಹಂಡೆಯಲ್ಲಿದ್ದವು.

“ಲುದ್ಗಾರ್ದಾ, ಇಷ್ಟು ದಿನ ನೀನೇನಾ?”

“ಮತ್ಯಾರು? ಆಲೂಗಡ್ಡೆಗೆ ಜನ ಕರೆದೋನು ನೀನು. ದೋಣಿಗೆ ಕರೆದೋನು ನೀನು. ಚೆನ್ನಾಗಿ ಹಾಕು ಅನ್ನೋನೂ ನೀನೇ. ಏನ್ ಹಾಕ್ಲಿ ಅಂದ್ರೆ ಒಂದ್ಸಲನಾದ್ರೂ ನಿಂತು ಉತ್ತರ ಕೊಟ್ಟಿದೀಯಾ ಮಾರಾಯ?”

“ಕೋಳಿ ಯಾರೋ ತಂದುಕೊಟ್ಟದ್ದು ಅಂದ್ಕೊಂಡಿದ್ದೆ. ನಂಗೊಂದು ಮಾತು ಹೇಳ್ಬಾರ್ದಿತ್ತಾ?”

“ಹೇಳಿದ್ರೆ ಬಿಡ್ತಿದ್ದೆಯಾ ನೀನು? ಊರೋರಿಗೆ ಬರೀ ಆಲೂಗಡ್ಡೆ ಬಡಿಸಿ ನಾನು ಯಾವ ಮುಖ ಹೊತ್ಕೊಂಡು ಚರ್ಚಿಗೆ ಹೋಗ್ಲಿ? ತಿನ್ನುವಾಗ ಮಾತ್ರ ಎರಡೆರಡು ಸಲ ತಟ್ಟೆ ಒಡ್ಡಿದೀಯ.”

ಅಷ್ಟರಲ್ಲಿ ಊರವರೂ ಬಂದು ಕೂತರು. ಮುಖಗಳು ಬಿಗಿದಿದ್ದವು. ಆದರೆ ಹಸಿದವರ ಮುಂದೆ ಬಿಸಿ ಸಾರು ಬಂದಮೇಲೆ ಸಿಟ್ಟು ಎಷ್ಟು ಹೊತ್ತು ನಿಂತೀತು? ಎರಡನೆಯ ಬಟ್ಟಲು ಮುಗಿಯುವ ಹೊತ್ತಿಗೆ ಎತೆಲ್ವೀನಾ ಬಾಯಿ ಒರೆಸಿಕೊಂಡಳು.

“ಹೋಗ್ಲಿ ಬಿಡು ರೋಸಮೆಲ್. ನಿನ್ ಕೋಳಿ ತಿಂದೋರು ನಾವೇ ಅನ್ನೋದಂತೂ ಸುಳ್ಳಲ್ಲ. ನಾವೆಲ್ಲ ಮನೆಗೊಂದು ಕೋಳಿ ತಂದುಕೊಡ್ತೀವಿ. ಶನಿವಾರ ನೀನು ವಾಪಸ್ ಬಂದ್ಮೇಲೆ ಭಾನುವಾರ ಸೇರಿ ಗಟ್ಟಿಮುಟ್ಟಾದ ಹೊಸ ಗೂಡೂ ಕಟ್ಟಿಬಿಡೋಣ.”

ಎಲ್ಲರೂ ಹೌದೆಂದರು. ಉಬಾಲ್ದೊ ಹುಂಜ ತನ್ನದೆಂದ. ಇಂಥ ಜನರ ಮೇಲೆ ಅನುಮಾನಪಟ್ಟೆನಲ್ಲ ಎಂದು ರೋಸಮೆಲ್‌ಗೆ ನಾಚಿಕೆಯಾಯಿತು, ಕಣ್ಣು ತುಂಬಿತು.

“ಬನ್ನಿ,” ಎಂದ, “ಒಬ್ಬರೂ ತಪ್ಪಿಸ್ಕೋಬಾರ್ದು. ಮನೆಮಂದಿಯೆಲ್ಲ ಬನ್ನಿ, ಊಟ ಇಲ್ಲೇ. ಲುದ್ಗಾರ್ದಾ, ಭಾನುವಾರ ಚೆನ್ನಾಗಿ ಹಾಕ್ಬೇಕು.”

ಲುದ್ಗಾರ್ದಾ ಸೌಟು ಹಿಡಿದುಕೊಂಡೇ ಕೂತವರನ್ನೆಲ್ಲ ಒಮ್ಮೆ ಎಣಿಸಿದಳು.

“ಅದಕ್ಕೇನಂತೆ,” ಎಂದಳು. “ಮನೆಗೊಂದು ಕೋಳಿ ಅಂದ್ರೆ ಸರಿಯಾಗಿ ಸಾಕಾಗತ್ತೆ.”