ಆ ಹೆಂಗಸು ಯಾಕೆ ಮಾತಾಡಲ್ಲ?

ಮೂಡಲಪಾಳ್ಯದ ಬಾಡಿಗೆ ಮನೇಲಿ ಕೂತು, ಆಧುನಿಕ ಅಮೆರಿಕನ್ ನಾಟಕಗಳ ಹೆಂಗಸರನ್ನ ಸ್ತ್ರೀವಾದದ ಕಣ್ಣಲ್ಲಿ ನೋಡಿ ಪಿಎಚ್‌ಡಿ ಮಾಡೋಕೆ ಹೊರಟವಳು ನಾನು. ಇಂಥದ್ದೆಲ್ಲ ನನಗಾಗದೆ ಇನ್ಯಾರಿಗೆ ಆಗುತ್ತೆ ಹೇಳಿ!

ಪಾತ್ರ

ಕೆಳಗಡೆ ಮನೆ ಓನರ್ ಆಂಟಿ ಒಂದಿನ, "ಅದೇನಮ್ಮ ಯಾವಾಗ್ಲೂ ಬರೀತಿರ್ತೀಯ?" ಅಂದರು. "ಅಮೆರಿಕದ ನಾಟಕದಲ್ಲಿ ಬರೋ ಹೆಂಗಸರ ಪಾತ್ರದ ಬಗ್ಗೆ ಆಂಟಿ" ಅಂದೆ. ಅವರ ಕಿವಿಗೆ ಬಿದ್ದಿದ್ದು ಎಷ್ಟೋ, ಬೀದಿಗೆಲ್ಲ ಹಬ್ಬಿದ್ದು ಮಾತ್ರ, "ನಮ್ಮ ಮೇಲ್ಗಡೆ ಮನೆ ಹುಡುಗಿ ಅಮೆರಿಕದ ಹೆಂಗಸರ ಪಾತ್ರೆ ಮೇಲೆ ಡಾಕ್ಟರ್ ಆಗ್ತಾವ್ಳೆ" ಅಂತ.

ಮಾರನೇ ದಿನ ಎದುರು ಮನೆಯ ಹುಬ್ಬಳ್ಳಿ ಕಡೆ ಅಕ್ಕ ತವಾ ಹಿಡ್ಕೊಂಡು ಮೆಟ್ಟಿಲು ಹತ್ತಿ ಬಂದರು. "ಇದರಾಗ ದ್ವಾಸಿ ಏಳವಲ್ದು ನೋಡ್ರಿ. ಅಮೆರಿಕಾದಾಗ ಏನ್ ಮಾಡ್ತಾರ್ರಿ?"

ಅವರನ್ನ ಕೂರಿಸಿಕೊಂಡು, ಪಾತ್ರ ಅಂದರೇನು, ಸ್ತ್ರೀವಾದ ಅಂದರೇನು ಅಂತ ಬಿಡಿಸಿ ಬಿಡಿಸಿ ಹೇಳಿದೆ. ಎಲ್ಲ ಕೇಳಿ ಅಕ್ಕ ಎದ್ದರು. "ಖರೇ ಐತ್ರಿ. ಗಂಡಸ್ರೂ ದ್ವಾಸಿ ಹಾಕ್ಬೇಕು. ಆದ್ರ ಮೊದ್ಲ ದ್ವಾಸಿ ಏಳಬೇಕಲ್ರಿ!"

ಆಟೋ

ನಿಜವಾದ ತಲೆನೋವು ಶುರುವಾಗಿದ್ದು ನನ್ನ ಗೈಡ್ ಮೇಡಂ ಕೇಳಿದ ಒಂದು ಪ್ರಶ್ನೆಯಿಂದ. ಒಂದು ನಾಟಕದ ಕೊನೇ ದೃಶ್ಯದಲ್ಲಿ ಗಂಡ, ಮಾವ, ಮೈದುನ ಮೂವರೂ ಮನೆ ಮಾರೋ ವಿಷಯಕ್ಕೆ ಕಿರುಚಾಡ್ತಾರೆ. ಹೆಂಡತಿ ಅಲ್ಲೇ ಕುರ್ಚಿ ಮೇಲೆ ಕೂತಿರ್ತಾಳೆ, ತುಟಿ ಪಿಟಕ್ ಅನ್ನಲ್ಲ. "ಯಾಕೆ ಮಾತಾಡಲ್ಲ? ವೈವಾದಲ್ಲಿ ಇದನ್ನ ಕೇಳೇ ಕೇಳ್ತಾರೆ. ಉತ್ತರ ಇಲ್ಲಾಂದ್ರೆ ಇಷ್ಟು ವರ್ಷ ಓದಿದ್ದು ಹೊಳೇಲಿ ಹುಣಸೇಹಣ್ಣು ತೊಳೆದಂಗೆ ಆಗುತ್ತೆ" ಅಂದರು ಮೇಡಂ. ನನಗೆ ಭಯಕ್ಕೆ ನಿದ್ದೆನೇ ಹೋಯ್ತು. ಸಿಕ್ಕಸಿಕ್ಕವರನ್ನೆಲ್ಲ ಕೇಳೋಕೆ ಶುರು ಮಾಡಿದೆ.

ದೀಪಾಂಜಲಿ ನಗರ ಮೆಟ್ರೋಗೆ ಹೋಗ್ತಾ ಆಟೋದವರಿಗೂ ಕಥೆ ಹೇಳಿದೆ. ಅವರು ಗಾಬರಿಯಿಂದ ಹಿಂದಕ್ಕೆ ತಿರುಗಿ ನೋಡಿದರು. "ಮೇಡಂ, ನನ್ನ ಹೆಂಡ್ತಿ ಮಾತು ನಿಲ್ಸಿದ್ಲು ಅಂದ್ರೆ ನಾನು ಸೀದಾ ಸ್ಟ್ಯಾಂಡಿಗೆ ಬಂದ್ಬಿಡ್ತೀನಿ. ಅವಳು ಸುಮ್ನೆ ಕೂತಿದ್ರೂ ಆ ಮೂರು ಜನ ಅಲ್ಲೇ ನಿಂತವ್ರಾ? ಭಲೇ ಧೈರ್ಯ!"

ರಾಜನ ಪಾರ್ಟು

ಓನರ್ ಅಂಕಲ್ ಊರಿನ ಪೌರಾಣಿಕ ನಾಟಕದಲ್ಲಿ ರಾಜನ ಪಾರ್ಟು ಮಾಡೋರು. ನಾಟಕ ಅಂದಮೇಲೆ ಅವರನ್ನ ಕೇಳದೆ ಬಿಡೋದುಂಟಾ? ಕೇಳಿದೆ. ಅಂಕಲ್ ಮೀಸೆ ತಿರುವ್ಕೊಂಡು ಹೇಳಿದರು:

"ಇದ್ರಲ್ಲಿ ಯೋಚ್ನೆ ಮಾಡೋದೇನಿದೆ? ಅವತ್ತು ಲೇಡಿ ಆರ್ಟಿಸ್ಟು ಕೈ ಕೊಟ್ಟಿರ್ತಾಳೆ. ಯಾವನಿಗೋ ಸೀರೆ ಉಡ್ಸಿ ಕೂರ್ಸಿರ್ತಾರೆ. ಬಾಯಿ ಬಿಟ್ರೆ ಗಂಡಸು ಅಂತ ಗೊತ್ತಾಗೋಗುತ್ತಲ್ಲ!"

ಹೊಟ್ಟೆ ಹಿಡ್ಕೊಂಡು ನಕ್ಕೆ. ಮೇಡಂಗೂ ಹೇಳಿದೆ. ಅವರು ಮಾತ್ರ ನಗಲಿಲ್ಲ. ಕನ್ನಡಕ ತೆಗೆದು, ಚಾವಣಿ ನೋಡಿ, ಮತ್ತೆ ಹಾಕ್ಕೊಂಡು, "ಅಡಿಟಿಪ್ಪಣಿಗೆ ಹಾಕು" ಅಂದರು.

ವೈವಾ

ವೈವಾಗೆ ಯಾರು ಬೇಕಾದರೂ ಬಂದು ಕೂರಬಹುದು. ನಮ್ಮ ಆಂಟಿ ರೇಷ್ಮೆ ಸೀರೆ ಉಟ್ಟು ಬಂದು ಮುಂದಿನ ಸಾಲಲ್ಲೇ ಕೂತರು. ಹೊರಗಿನಿಂದ ಬಂದ ಪರೀಕ್ಷಕರು ದೊಡ್ಡ ವಿದ್ವಾಂಸರು. ಮೊದಲನೇ ಪ್ರಶ್ನೆನೇ ಅದು, "ಆ ಹೆಂಗಸು ಯಾಕೆ ಮಾತಾಡಲ್ಲ?"

ಉತ್ತರ ಹೇಳೋಕೆ ನಾನು ಬಾಯಿ ತೆಗೆದೆ. "ಒಂದ್ನಿಮಿಷ" ಅಂತ ಅವರೇ ಹೇಳೋಕೆ ಶುರು ಮಾಡಿದರು. ಮೌನ, ಪ್ರತಿರೋಧ, ಪಿತೃಪ್ರಧಾನ ವ್ಯವಸ್ಥೆ, ಒಂದಾದ ಮೇಲೊಂದು. ಉಸಿರು ತಗೊಂಡರು ಅಂತ ಮತ್ತೆ ಬಾಯಿ ತೆಗೆದೆ. "ಇನ್ನೊಂದು ವಿಷಯ" ಅಂದರು. ನಾನು ಮುಚ್ಚಿದೆ. ಅವರ ಇಂಗ್ಲಿಷಲ್ಲಿ ಆಂಟಿಗೆ ಒಂದಕ್ಷರ ಅರ್ಥ ಆಗ್ತಿರಲಿಲ್ಲ. ನಾನು ಬಾಯಿ ತೆಗೆಯೋದು, ಮುಚ್ಚೋದು ಮಾತ್ರ ಚೆನ್ನಾಗಿ ಕಾಣ್ತಿತ್ತು. ಕೊನೆಗೆ ತಡೀಲಾರದೆ ಎದ್ದು ನಿಂತೇಬಿಟ್ಟರು.

"ಸಾರ್, ತಪ್ಪು ತಿಳ್ಕೋಬೇಡಿ. ನೀವು ಬಾಯಿ ಮುಚ್ಚಿದ್ರೆ ತಾನೆ ಅವಳು ಬಾಯಿ ಬಿಡೋದು?"

ಮೇಡಂ ಸೆರಗಿಂದ ಮುಖ ಮುಚ್ಕೊಂಡರು. ನನಗೆ ಎಲ್ಲಿಂದ ಧೈರ್ಯ ಬಂತೋ ಕಾಣೆ, "ಸಾರ್, ನನ್ನ ಉತ್ತರಾನೂ ಅದೇ" ಅಂದೆ.

ಪರೀಕ್ಷಕರು ನನ್ನನ್ನ ನೋಡಿದರು, ಆಂಟಿನ ನೋಡಿದರು, ಆಮೇಲೆ ಜೋರಾಗಿ ನಕ್ಕರು. ಕೊನೇವರೆಗೂ ಇನ್ನೊಂದು ಮಾತಾಡದೆ ನಾನು ಹೇಳಿದ್ದನ್ನ ಕೇಳಿ, ಸಹಿ ಹಾಕಿ ಹೋದರು.

ಹೊರಗೆ ಬಂದು, "ಆಂಟಿ, ನಾನು ಪಾಸ್!" ಅಂತ ತಬ್ಬಿಕೊಂಡೆ.

"ನೀನು ಆಗೇ ಆಗ್ತೀಯ ಬಿಡಮ್ಮ" ಅಂದರು ಆಂಟಿ. "ಪಾಪ, ಅಷ್ಟೊತ್ತು ಒಂದೇ ಸಮ ಒಪ್ಪಿಸಿದ್ರಲ್ಲ ಆ ಸಾರ್, ಅವರು ಪಾಸಾದ್ರಾ?"