ಹುಣಸಿಮರದ ಓಣಿಯ ಮಾಂಗಾ ವಿಜಯ

ಯಾವ ಯುಗದಲ್ಲಿ ಮನುಷ್ಯನ ಹೆಬ್ಬೆರಳು ಮೊಬೈಲಿನ ಗಾಜನ್ನು ಮೇಲಕ್ಕೆ ತಳ್ಳುವುದನ್ನೇ ಸಕಲ ವಿದ್ಯೆಗಳ ಸಾರವೆಂದು ಬಗೆದಿತ್ತೋ, ಯಾವ ಯುಗದಲ್ಲಿ ಗ್ರಂಥಗಳು ಗೆದ್ದಲಿಗೆ ಮಾತ್ರ ರುಚಿಸುತ್ತಿದ್ದವೋ, ಆ ಘೋರ ಕಲಿಯುಗದಲ್ಲಿ, ಗದಗ ಪಟ್ಟಣದ ಹುಣಸಿಮರದ ಓಣಿಯಲ್ಲಿ, ಸಾರ್ವಜನಿಕ ವಾಚನಾಲಯವೆಂಬ ಒಂದೂವರೆ ಖೋಲಿಯ ಸಾಮ್ರಾಜ್ಯವನ್ನಾಳುತ್ತಿದ್ದ ಗೌರವ ಕಾರ್ಯದರ್ಶಿಯ ಕಥೆಯನ್ನು ಹೇಳುತ್ತೇನೆ. ವಾಗ್ದೇವಿಯೇ, ನಾಲಿಗೆಯ ಮೇಲೆ ಬಂದು ನಿಲ್ಲು. ನಗು ಬಂದರೆ ಸೆರಗು ಅಡ್ಡ ಹಿಡಿದುಕೊ.

ಆತನ ಹೆಸರು ಶಿವಪುತ್ರಪ್ಪ ಕಳಸಾಪುರ. ನಿವೃತ್ತ ಹೈಸ್ಕೂಲು ಮಾಸ್ತರ, ಸಕಲಗ್ರಂಥಪಾರಾಯಣಪರಿಶ್ರಾಂತನೇತ್ರ, ಮೈದಾಲೇಪಲಿಪ್ತದಶಾಂಗುಲಿ, ನಿಶ್ಶಬ್ದಫಲಕಸಂರಕ್ಷಕ. ಇಪ್ಪತ್ತೆರಡು ವರ್ಷಗಳಲ್ಲಿ ಆತ ಗಳಿಸಿದ್ದು ಒಂದೇ ಆಸ್ತಿ: ‘ಮಾಸ್ತರು ಓದದೆ ಮಾತಾಡುವವರಲ್ಲ’ ಎಂಬ ಹೆಸರು. ಪಿಂಚಣಿ ನಿಂತರೂ ಆತ ಹೇಗೋ ಸಹಿಸಿಕೊಂಡಾನು, ಆ ಹೆಸರು ಹೋದರೆ ಓಣಿಯಲ್ಲಿ ತಲೆಯೆತ್ತಿ ತಿರುಗಲಾರ.

ಇಂಥ ರಾಜ್ಯಕ್ಕೆ ಒಂದು ದಿನ ರಟ್ಟಿನ ಪೆಟ್ಟಿಗೆಯೊಂದು ಬಂದಿಳಿಯಿತು. ಕಳಿಸಿದಾಕೆ ಹೆಣ್ಣುಮಕ್ಕಳ ಶಾಲೆಯ ವಿಜ್ಞಾನ ಶಿಕ್ಷಕಿ ಇಂದುಮತಿ ಹಳ್ಳಿಕೇರಿ. ಒಳಗಿದ್ದವು ಹತ್ತೊಂಬತ್ತು ಮಾಂಗಾ ಪುಸ್ತಕಗಳು. ಅಂದರೆ ಜಪಾನಿನ ಚಿತ್ರಕಥೆಗಳು, ಇಂಗ್ಲಿಷಿಗೆ ಬಂದವು. ಕಮಿಟಿಯ ಅಧ್ಯಕ್ಷ ಫಕೀರಪ್ಪ ಮುಳಗುಂದ ಒಂದನ್ನೆತ್ತಿ, ಬೋರಲಾಗಿ ಅಲ್ಲಾಡಿಸಿ, ತೀರ್ಪು ಕೊಟ್ಟ.

“ಇವೆಲ್ಲಾ ಚಿತ್ರದ ಪುಸ್ತಕ. ಸಣ್ಣ ಹುಡುಗ್ರ ಆಟ. ರದ್ದಿಗೆ ಹಾಕ್ರಿ.”

ಆಗ ಶಿವಪುತ್ರಪ್ಪ ಎದ್ದು ನಿಂತ. ಕುರ್ಚಿ ಕಿರ್ರೆಂದಿತು, ಗೋಡೆಯ ಮೇಲಿನ ಹಲ್ಲಿ ಸ್ಥಾನಪಲ್ಲಟ ಮಾಡಿತು.

“ಓದದ ಪುಸ್ತಕ ಈ ಹೊಸ್ತಿಲ ದಾಟಿ ರದ್ದಿಗೆ ಹೋಗಾಕ ನಾ ಬಿಡೂದಿಲ್ಲ, ಅಧ್ಯಕ್ಷರ. ಮೂರು ವಾರ ಕೊಡ್ರಿ. ಓದಿ, ಆಯ್ತಾರ ದಿನ ಇದೇ ಜಾಗಾದಾಗ ಪರಿಚಯ ಭಾಷಣ ಮಾಡ್ತೀನಿ. ಕೇಳಿದವರ ಕಣ್ಣಾಗ ನೀರು ಬರಲಿಲ್ಲಂದ್ರ ಈ ಕುರ್ಚಿ ಬಿಟ್ಟು ಇಳೀತೀನಿ.”

ಪ್ರತಿಜ್ಞೆ ಮುಗಿಸಿದ ವೀರನು ಮೊದಲು ಶಸ್ತ್ರಪೂಜೆಗೆ ಕುಳಿತ. ಆ ವಾಚನಾಲಯದ ಶಾಸನದ ಪ್ರಕಾರ, ಮೊದಲ ಪುಟಕ್ಕೆ ವಾಪಸಾತಿ ಚೀಟಿ ಅಂಟಿಸದೆ ಯಾವ ಪುಸ್ತಕವನ್ನೂ ಯಾರೂ ಓದುವಂತಿಲ್ಲ. ಶಿವಪುತ್ರಪ್ಪ ಎಡಗಡೆಯ ರಟ್ಟು ತೆರೆದ. ಅಲ್ಲಿ ದಪ್ಪಕ್ಷರದಲ್ಲಿ ಏನೋ ಇಂಗ್ಲಿಷ್ ಸೂಚನೆಯಿತ್ತು. ಸೂಚನೆ ಕೊಡುವುದು ವಾಚನಾಲಯದ ಹಕ್ಕೇ ಹೊರತು ಪುಸ್ತಕದ್ದಲ್ಲವೆಂದು ಬಗೆದ ಆತ, ಅದನ್ನು ಓದದೆಯೇ ಮೈದಾ ಅಂಟು ಬಳಿದು ಚೀಟಿ ಹೊದಿಸಿದ. ಹತ್ತೊಂಬತ್ತು ಪುಸ್ತಕಗಳಲ್ಲೂ ಹತ್ತೊಂಬತ್ತು ಸೂಚನೆಗಳು ಹೀಗೆ ಸಮಾಧಿಸ್ಥವಾದವು.

ಅನಂತರ ಅವುಗಳಲ್ಲೇ ದಪ್ಪನೆಯದನ್ನು, ಏಳುನೂರು ಪುಟದ ಖಡ್ಗವೀರನೊಬ್ಬನ ಕಥೆಯನ್ನು, ಆರಿಸಿಕೊಂಡು ದಂಡಯಾತ್ರೆಗೆ ಹೊರಟ. ಮೊದಲ ಪುಟದಲ್ಲೇ ನಾಯಕನ ಚಿತೆ. ಎರಡನೆಯದರಲ್ಲಿ ಆತ ಜೀವ ತಳೆದಿದ್ದ. ಮುಂದೆ ಗಾಯಗಳು ಮಾಯ್ದವು, ಸತ್ತ ಹೆಂಡತಿ ಎದ್ದು ಅಡುಗೆಗೆ ನಿಂತಳು, ಮಾತುಗಳಲ್ಲಿ ಉತ್ತರ ಮೊದಲು ಬಂದು ಪ್ರಶ್ನೆ ಆಮೇಲೆ ಬಂತು. ಬೇರೆಯವರಾಗಿದ್ದರೆ ಪುಸ್ತಕ ಎಸೆಯುತ್ತಿದ್ದರು. ನಮ್ಮ ಮಾಸ್ತರು ಪಂಡಿತ, ಆದ್ದರಿಂದ ಅರ್ಥವಾಗದ್ದನ್ನು ದರ್ಶನವೆಂದು ಬರೆದುಕೊಂಡ.

ಆದಿತ್ಯವಾರ ಬಂತು. ಹದಿನೇಳು ಜನ ಸೇರಿದ್ದರು, ಅವರಲ್ಲಿ ಐವರು ಫ್ಯಾನಿನ ಗಾಳಿಗಾಗಿ ಬಂದವರು. ಶಿವಪುತ್ರಪ್ಪ ಶುರುಮಾಡಿದ. ಜಪಾನಿನಲ್ಲಿ ಇದು ಮಕ್ಕಳಿಗಷ್ಟೇ ಅಲ್ಲ, ಆಫೀಸಿಗೆ ಹೋಗುವವರಿಗೂ ಮನೆ ನಡೆಸುವವರಿಗೂ ಬೇರೆ ಬೇರೆ ಮಾಂಗಾ ಇದೆಯೆಂದ. ಅಡುಗೆಯ ಮೇಲೆ, ಫುಟ್‌ಬಾಲಿನ ಮೇಲೆ, ದೆವ್ವದ ಮೇಲೆ, ಪ್ರೇಮದ ಮೇಲೆ ಇದೆಯೆಂದ. ಅಗ್ಗದ ಕಾಗದದಲ್ಲಿ ವಾರವಾರ ಕಂತಾಗಿ ಬಂದು, ಜನ ಮೆಚ್ಚಿದರೆ ಪುಸ್ತಕವಾಗಿ, ಫ್ರಾನ್ಸು ಬ್ರೆಜಿಲುಗಳವರೆಗೂ ಹೋಗುತ್ತದೆಂದ. ಬಣ್ಣವಿಲ್ಲದ ಬರಿಯ ಕಪ್ಪುಗೆರೆಯಲ್ಲಿ ಇಷ್ಟಗಲ ಕಣ್ಣು ಬರೆದು ಓದುಗರ ಕಣ್ಣಲ್ಲಿ ನೀರು ತರಿಸುತ್ತಾರೆಂದ. ಇಷ್ಟೂ ನಿಜವೇ. ಆಮೇಲೆ ಗಂಟಲು ಸರಿಪಡಿಸಿಕೊಂಡು ದರ್ಶನಕ್ಕೆ ಇಳಿದ.

“ಜಗತ್ತೆಲ್ಲಾ ಇದಕ್ಕ ಯಾಕ ಮರುಳಾಗೇತಿ ಗೊತ್ತೇನ್ರಿ? ನಮ್ಮ ಕಥಿ ತೊಟ್ಟಿಲಿಂದ ಸುಡುಗಾಡಿಗೆ ಹೋಗತಾವ. ಇವರದು ಸುಡುಗಾಡಿಂದ ತೊಟ್ಟಿಲಿಗೆ ಬರತೈತಿ. ಮೊದಲ ಸಾವು. ಆಮ್ಯಾಲ ಹೋದ ಹೆಂಡ್ತಿ ತಿರುಗಿ ಬರತಾಳ. ಮುಪ್ಪು ಇಳೀತೈತಿ. ಕಡೀಕ ಅವ್ವನ ತೊಡಿ. ಯಾರಿಗೆ ಬ್ಯಾಡ್ರಿ ಇದು?”

ಹಿಂದಿನ ಬೆಂಚಿನಲ್ಲಿ ನಿವೃತ್ತ ಕಂಡಕ್ಟರ್ ಯಮನೂರಪ್ಪ, ಯುಗಾದಿಯ ಹೊತ್ತಿಗೆ ಹೆಂಡತಿಯನ್ನು ಕಳೆದುಕೊಂಡಾತ, ಟವೆಲಿನಿಂದ ಕಣ್ಣೊರೆಸಿಕೊಂಡ. ಶಿವಪುತ್ರಪ್ಪ ಅಧ್ಯಕ್ಷರ ಕಡೆ ನೋಡಿದ. ಇನ್ನೇನು ಜಯಭೇರಿ ಬಾರಿಸಬೇಕು, ಅಷ್ಟರಲ್ಲಿ ಪ್ರಶ್ನಪತ್ರಿಕಾಭೀಕರೆ, ಕೆಂಪುಶಾಯಿಖಡ್ಗಧಾರಿಣಿ ಇಂದುಮತಿ ಎದ್ದಳು.

“ಸರ, ಸಿಟ್ಟಾಗಬ್ಯಾಡ್ರಿ. ಆ ಪುಸ್ತಕ ಬಲಗಡೆಯಿಂದ ಓದೂದ್ರಿ. ನೀವು ಕಡೀ ಪುಟದಿಂದ ಓದೀರಿ.”

“ಅಕ್ಕಾರ, ನೀವು ಫ್ರಾಕ್ ಹಾಕ್ಕೊಂಡು ಆಡತಿದ್ರಿ, ಆವಾಗಿಂದ ನಾ ಪುಸ್ತಕ ತೆರೀತೀನಿ. ಎಂಟು ಸಾವಿರ ಪುಸ್ತಕ ಈ ಕೈಯಾಗ ತೆರದಾವ. ಎಡಗಡೆ ಮೊದಲು ಅನ್ನೂದು ನನಗ ಯಾರೂ ಕಲಿಸಬೇಕಾಗಿಲ್ಲ.”

“ಎಂಟು ಸಾವಿರ ತೆರದೀರಿ, ಖರೇ. ಈ ಹತ್ತೊಂಬತ್ತು ಆ ಜಾತಿಯವಲ್ಲ. ಚೀಟಿ ಅಂಟಿಸಿದ ಪುಟ ಬೆಳಕಿಗೆ ಹಿಡೀರಿ, ಸರ. ಅಲ್ಲೇ ಬರದಾರ.”

ದಿಗ್ಗಜಗಳು ಕಿವಿ ನಿಮಿರಿಸಿದವು. ಶಿವಪುತ್ರಪ್ಪ ನಿರಾಯಾಸ ವಿಜಯದ ಭರವಸೆಯಲ್ಲಿ ಕಿಟಕಿಯ ಬಿಸಿಲಿಗೆ ಪುಟವನ್ನೆತ್ತಿ, ಗುಡುಗಲೆಂದು ತೆಗೆದ ದನಿಯಲ್ಲೇ ಚೀಟಿಯಡಿಯ ಇಂಗ್ಲಿಷನ್ನು ಓದಿ ಕನ್ನಡಕ್ಕೆ ತಿರುಗಿಸತೊಡಗಿದ. “ನಿಲ್ಲಿ. ಇದು ಪುಸ್ತಕದ ಕೊನೆ. ಕಥೆ ಆ ಕಡೆಯಿಂದ...” ಅಲ್ಲಿಗೆ ದನಿ ಉಡುಗಿತು.

ಫಕೀರಪ್ಪ ಮೀಸೆಯೊಳಗೆ ನಕ್ಕ. ಮಾಸ್ತರ ಕಿವಿಗಳು ಕೆಂಪಾದವು. ‘ನನಗೆ ಗೊತ್ತೇ ಇತ್ತು, ನಿಮ್ಮನ್ನು ಪರೀಕ್ಷಿಸಿದೆ’ ಎನ್ನಬಹುದಿತ್ತು; ಆ ಸುಳ್ಳು ಬಾಯಿಯವರೆಗೂ ಬಂದಿತ್ತು. ಆದರೆ ಆತ ಹೇಳಿದ್ದು ಬೇರೆ.

“ನಾ ತಪ್ಪು ಓದೀನ್ರಿ. ಈ ಸೂಚನೆ ಓದದ ಮುಚ್ಚೀನಿ.”

ಇಪ್ಪತ್ತೆರಡು ವರ್ಷದ ಹೆಸರು ಮೇಜಿನ ಮೇಲೆ ಬಿದ್ದಿತ್ತು. ಯಾರೂ ಅದನ್ನು ಎತ್ತಲು ಮುಂದಾಗಲಿಲ್ಲ. ಕಡೆಗೆ ಯಮನೂರಪ್ಪ ಬೆಂಚು ಬಿಟ್ಟೆದ್ದು ಬಂದ.

“ಹಂಗಾರ ಆಕಿ ಎದ್ದು ಬರೂದಿಲ್ಲೇನ್ರಿ, ಅಕ್ಕಾರ?”

“ಇಲ್ರಿ, ಕಾಕಾ. ಕಡೀಕ ಸಾಯ್ತಾಳ.”

ಯಮನೂರಪ್ಪ ಮಾಸ್ತರ ಕೈಯಿಂದ ಪುಸ್ತಕ ತೆಗೆದುಕೊಂಡ. “ನನ್ನ ಹೆಸರಿಗೆ ಬರಕೊಳ್ರಿ, ಮಾಸ್ತರ. ನನಗ ಇಂಗ್ಲಿಷ್ ಬರೂದಿಲ್ಲ, ಚಿತ್ರ ನೋಡ್ತೀನಿ. ನೀವು ಓದಿದ ಕಡೆಯಿಂದನ ನೋಡ್ತೀನಿ.”

“ತಪ್ಪಾಕ್ಕೈತ್ರಿ ಅದು. ಆ ಕಡೆಯಿಂದ ಒಮ್ಮೆ ನೋಡ್ರಿ.”

“ಆ ಕಡೆಯಿಂದ ಹೆಂಗಂತ ನನಗ ಗೊತ್ತೈತ್ರಿ,” ಎಂದ ಯಮನೂರಪ್ಪ.

ಶಿವಪುತ್ರಪ್ಪ ತಲೆ ತಗ್ಗಿಸಿ ಹೆಸರು ಬರೆದುಕೊಂಡ, ಚೀಟಿಯ ಮೇಲೆ ತಾರೀಖು ಒತ್ತಿದ. ಫಕೀರಪ್ಪನಿಗೂ ರದ್ದಿಯ ಮಾತೆತ್ತಲು ಬಾಯಿ ಬರಲಿಲ್ಲ.

ಹೀಗೆ ತ್ರಿಲೋಕಗಳನ್ನು ನಡುಗಿಸಬೇಕಾಗಿದ್ದ ಈ ಮಹಾಸಂಗ್ರಾಮವು, ಒಂದು ಪುಸ್ತಕ ಒಬ್ಬರ ಮನೆಗೆ ಹೋಗುವುದರಲ್ಲಿ ಪರ್ಯವಸಾನವಾಯಿತು. ಇದನ್ನು ಓದಿದವರಿಗೂ ಕೇಳಿದವರಿಗೂ ವಿಶೇಷ ಪುಣ್ಯವೇನೂ ಇಲ್ಲ. ಪುಸ್ತಕವನ್ನು ಮಾತ್ರ ಹದಿನೈದು ದಿನದೊಳಗೆ ವಾಪಸು ತರತಕ್ಕದ್ದು.